ಪ್ಲೇಟಿನಲ್ಲಿ ಇಲ್ಲದ ಸಾಲು

ಹೋದ ತಿಂಗಳು ಬಸವನಗುಡಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಮಗುವನ್ನು ತೊಟ್ಟಿಲಿಗೆ ಹಾಕಿ, ಐದಾರು ಹೆಂಗಸರು ಸುತ್ತ ನಿಂತು ತೂಗುತ್ತ ಹಾಡಿದರು: ‘ನೊರೆಹಾಲು ಬೆಚ್ಚಗಿದೆ ಬಾರೋ, ಕೃಷ್ಣ.’ ನಾನು ಮೂಲೆಯ ಕುರ್ಚಿಯಲ್ಲಿ ಕೋಸಂಬರಿಯ ದೊನ್ನೆ ಹಿಡಿದು ಕೂತಿದ್ದೆ. ತಿನ್ನುವುದು ಅಲ್ಲಿಗೇ ನಿಂತಿತು. ಹಾಡು ಮುಗಿದ ಮೇಲೆ ಪಕ್ಕದಲ್ಲಿದ್ದ ಹುಡುಗಿಯನ್ನು, ‘ಇದು ಯಾರ ಹಾಡಮ್ಮ?’ ಎಂದು ಕೇಳಿದೆ. ‘ಯಾವುದೋ ದಾಸರದ್ದು ಇರ್ಬೇಕು ಅಜ್ಜಿ. ನಮ್ಮಮ್ಮ ಹೇಳ್ಕೊಟ್ಟಿದ್ದು’ ಅಂದಳು.

ಯಾವ ದಾಸರದ್ದೂ ಅಲ್ಲ. ಆ ಧಾಟಿ ಚಾಮರಾಜಪೇಟೆಯ ವಠಾರವೊಂದರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಾವಿತ್ರಮ್ಮನದು. ಅದರೊಳಗಿದ್ದ ಮಾತುಗಳನ್ನು ಕಿತ್ತು ಬೇರೆ ಮಾತು ತುಂಬಿದವಳು ನಾನು. ನಾನು ಮಾಡಿದ್ದನ್ನು ದಾಸರ ತಲೆಗೆ ಕಟ್ಟುವುದು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಅಕ್ಕಿ ಇನ್ನೂ ರೇಷನ್ನಿನಲ್ಲೇ ಸಿಗುತ್ತಿತ್ತು. ನನಗೆ ಹದಿನೇಳು, ಇಂಟರ್‌ಮೀಡಿಯೆಟ್ ಮೊದಲ ವರ್ಷ ಮುಗಿಸಿದ್ದೆ. ವಠಾರದಲ್ಲಿ ಎದುರುಬದುರಾಗಿ ಎಂಟು ಮನೆ, ನಡುವೆ ಒಂದು ನಲ್ಲಿ. ಬೆಳಿಗ್ಗೆ ನಲ್ಲಿಯ ಮುಂದೆ ಎಂಟು ಮನೆಯ ಕೊಡಗಳ ಜೊತೆಗೆ ಎಂಟು ಮನೆಯ ಸುದ್ದಿಯೂ ಸಾಲು ನಿಲ್ಲುತ್ತಿತ್ತು.

ಹಿಂದಿ ಸಿನಿಮಾದ ಧಾಟಿಗೆ ಕನ್ನಡದ ಮಾತು ಹಾಕುವುದು ಆಗ ಊರಿಗೆಲ್ಲ ಹಿಡಿದಿದ್ದ ಹುಚ್ಚು. ನಾಟಕದವರು ಮಾಡುತ್ತಿದ್ದರು, ಭಜನೆಯವರು ಮಾಡುತ್ತಿದ್ದರು, ಮದುವೆಗಳಲ್ಲಿ ಬೀಗರನ್ನು ಹಾಸ್ಯ ಮಾಡುವ ಹಾಡುಗಳಂತೂ ಬಹುಪಾಲು ಹಾಗೆಯೇ ಹುಟ್ಟುತ್ತಿದ್ದವು. ನಾಯಕಿ ಪ್ರಿಯಕರನನ್ನು ನೆನೆದು ಅಳುವ ಹಾಡು ನಮ್ಮ ಬೀದಿಗೆ ಬರುವ ಹೊತ್ತಿಗೆ ಗಣಪತಿಯ ಸ್ತೋತ್ರವಾಗಿರುತ್ತಿತ್ತು. ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಈ ವಿದ್ಯೆಯಲ್ಲಿ ನಾನು ವಠಾರಕ್ಕೇ ಹೆಸರುವಾಸಿ. ಯಾವ ಧಾಟಿ ಕೊಟ್ಟರೂ ಅನ್ನಕ್ಕೆ ಸಾರು ಕಲಸುವಷ್ಟರಲ್ಲಿ ಪದ ಕೂರಿಸಿಬಿಡುತ್ತಿದ್ದೆ. ‘ವಿಶಾಲು, ನಮ್ಮ ಬೀಗಿತ್ತಿ ಸ್ವಲ್ಪ ದಪ್ಪ, ಅದು ಬರೋ ಹಾಗೆ ಒಂದು ನುಡಿ ಹಾಕ್ಕೊಡೇ’ ಎಂದು ಮದುವೆಮನೆಯವರು ಹುಡುಕಿಕೊಂಡು ಬರುತ್ತಿದ್ದರು. ಕಂಠವೂ ಚೆನ್ನಾಗಿದೆ ಅನ್ನುತ್ತಿದ್ದರು. ಹೊಗಳಿದರೆ ಹಿಗ್ಗುವ ವಯಸ್ಸು. ನನ್ನ ಸ್ವಭಾವವೂ ಅದೇ.

ಸಾವಿತ್ರಮ್ಮನ ಗಂಡ ರಾಮಣ್ಣನವರು ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳಿಗೆ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಮದುವೆಯ ತಿಂಗಳುಗಳಲ್ಲಿ ಅಚ್ಚಾದ ಪತ್ರಿಕೆಗಳ ಕಟ್ಟನ್ನು ಸೈಕಲ್ಲಿನ ಹಿಂದೆ ಬಿಗಿದು ಮನೆಗೆ ತರುವರು. ಸಾವಿತ್ರಮ್ಮ ಅರಿಶಿನ ಕಲಸಿದ ಬಟ್ಟಲನ್ನು ಮುಂದಿಟ್ಟುಕೊಂಡು ಒಂದೊಂದು ಪತ್ರಿಕೆಯ ನಾಲ್ಕು ಮೂಲೆಗೂ ಬೆರಳಲ್ಲಿ ಹಚ್ಚಿ, ಒಣಗಲೆಂದು ಜಗಲಿಯ ಮೇಲೆ ಹರಡುವರು. ಚೈತ್ರದಿಂದ ಜ್ಯೇಷ್ಠದವರೆಗೆ ಅವರ ತೋರುಬೆರಳು ಹಳದಿಯಾಗಿಯೇ ಇರುತ್ತಿತ್ತು. ರಜೆಯಲ್ಲಿ ನಾನೂ ಪಕ್ಕದಲ್ಲಿ ಕೂತು ಒಣಗಿದವನ್ನು ಎತ್ತಿ ಜೋಡಿಸುತ್ತಿದ್ದೆ. ಊರಿನ ಮದುವೆಗಳೆಲ್ಲ ಅವರ ಬೆರಳ ಕೆಳಗೆ ಹಾದುಹೋಗುತ್ತಿದ್ದಾಗ ಅವರು ಬಾಯಲ್ಲೇ ಗುನುಗುತ್ತಿದ್ದ ಹಾಡು ಒಂದೇ:

ಹರಳೆಣ್ಣೆ ಬೆಚ್ಚಗಿದೆ ಬಾರೇ, ಪುಟ್ಟಿ,
ಜಡೆ ಹೆಣೆದು ಕಟ್ಟುವೆ ಬಾರೇ.
ಸ್ಕೂಲಿನ ಗಂಟೆ ಹೊಡೆದಾಯ್ತು, ಪುಟ್ಟಿ,
ಇನ್ನೆಂದೂ ಬೈಯಲ್ಲ ಬಾರೇ.

ಪುಟ್ಟಿ ಅವರ ಒಬ್ಬಳೇ ಮಗಳು. ನಾವು ಆ ವಠಾರಕ್ಕೆ ಬರುವ ಮುಂಚೆ, ಯುದ್ಧದ ಕಾಲದಲ್ಲಿ, ಎಂಟು ವರ್ಷಕ್ಕೇ ವಿಷಮಶೀತ ಜ್ವರ ಬಂದು ಹೋಗಿಬಿಟ್ಟಿದ್ದಳು. ತಲೆ ಬಾಚಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ಒಂದು ಬೆಳಿಗ್ಗೆ ಸಾವಿತ್ರಮ್ಮ ಅವಳನ್ನು ಚೆನ್ನಾಗಿ ಬೈದು, ಕೆದರಿದ ತಲೆಯಲ್ಲೇ ಸ್ಕೂಲಿಗೆ ಅಟ್ಟಿದ್ದರಂತೆ. ಮಧ್ಯಾಹ್ನ ಮೈ ಸುಡುತ್ತ ಮನೆಗೆ ಬಂದ ಮಗು ಆಮೇಲೆ ಎದ್ದು ಕೂರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ನಮ್ಮಮ್ಮ. ಸಾವಿತ್ರಮ್ಮ ಆ ವಿಷಯ ಎತ್ತುತ್ತಲೇ ಇರಲಿಲ್ಲ. ಹಾಡುತ್ತಿದ್ದರು, ಅಷ್ಟೆ. ನನಗೆ ಏನೂ ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ. ಎಲ್ಲ ಗೊತ್ತಿತ್ತು.

ಆ ಬೇಸಿಗೆಯ ಒಂದು ಮದುವೆಯಲ್ಲಿ ನಾನು ಹಾಡಿದ್ದನ್ನು ಶ್ರೀಕಂಠಯ್ಯನವರು ಕೇಳಿದರು. ಅವರದು ಪೇಟೆಯ ಮುಖ್ಯರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಜೊತೆಗೆ ಮದರಾಸಿನ ಒಂದು ಗ್ರಾಮಫೋನ್ ಕಂಪನಿಗೆ ಏಜೆಂಟರು. ಎರಡು ದಿನ ಬಿಟ್ಟು ಮನೆಗೇ ಬಂದು, ಕಂಪನಿಯವರು ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಾರೆ, ಹೊಸ ಕಂಠ ಹುಡುಕುತ್ತಿದ್ದಾರೆ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಮಗಳ ಹೆಸರು ಗ್ರಾಮಫೋನ್ ಪ್ಲೇಟಿನ ಮೇಲೆ ಬರುತ್ತದೆಂದರೆ ಅವರಿಗೂ ಆಸೆಯೇ. ನಾನು ನನ್ನ ಹಿಂದಿ ಧಾಟಿಯ ಸರಕನ್ನೆಲ್ಲ ಒಂದರ ಹಿಂದೊಂದು ಒಪ್ಪಿಸಿದೆ.

‘ಕಂಠ ಚೆನ್ನಾಗಿದೆ’ ಅಂದರು ಶ್ರೀಕಂಠಯ್ಯನವರು. ‘ಆದ್ರೆ ಈ ಧಾಟಿಗಳ ಅಸಲಿ ಪ್ಲೇಟೇ ನನ್ನ ಅಂಗಡೀಲಿ ಇದೆಯಲ್ಲಮ್ಮ. ನಕಲು ಯಾರು ತೊಗೋತಾರೆ? ಜನ ಕೇಳಿರದ ಧಾಟಿ ಯಾವ್ದಾದ್ರೂ ಇದ್ರೆ ಹಾಡಿ.’

ಬಾಯಿಗೆ ಬಂದದ್ದು ಸಾವಿತ್ರಮ್ಮನ ಹಾಡು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಶ್ರೀಕಂಠಯ್ಯನವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಪೂರ್ತಿ ಕೇಳಿದರು.

‘ಧಾಟಿ ಬಂಗಾರ. ಮಾತು ಮಾತ್ರ ಆಗಲ್ಲ. ಹರಳೆಣ್ಣೆ, ಸ್ಕೂಲು, ಗಂಟೆ, ಇವೆಲ್ಲ ಪ್ಲೇಟಲ್ಲಿ ಬಂದ್ರೆ ಜನ ನಗ್ತಾರೆ. ಈ ಪುಟ್ಟಿ ಅನ್ನೋಳು ಯಾರು ಅಂತ ಕೇಳ್ತಾರೆ. ಕೃಷ್ಣನ ಮೇಲೆ ತಿರುಗಿಸ್ಬಿಡಿ, ಮನೆಮನೆಗೂ ಹೋಗುತ್ತೆ. ಆ ಕೆಲಸ ನಿಮಗೆ ಬರುತ್ತಲ್ಲ.’

ಬರುತ್ತಿತ್ತು. ಅವತ್ತು ಮಧ್ಯಾಹ್ನ ಊಟ ಮಾಡಿ ಕೂತವಳು ಸಂಜೆಯ ಕಾಫಿಗೆ ಮುಂಚೆ ಮುಗಿಸಿದೆ. ಹರಳೆಣ್ಣೆ ನೊರೆಹಾಲಾಯಿತು. ಜಡೆ ಹೋಗಿ ನವಿಲುಗರಿ ಬಂತು. ಸ್ಕೂಲಿನ ಗಂಟೆಯ ಜಾಗದಲ್ಲಿ ಗೋಧೂಳಿಯ ಹೊತ್ತು, ನಾಲ್ಕನೆಯ ಸಾಲಿಗೆ ‘ಮುರಳಿಯ ನುಡಿಸುತ ಬಾರೋ’. ಎರಡನೆಯ ನುಡಿಯಲ್ಲಿ ಯಮುನೆ, ಬೆಳದಿಂಗಳು, ಕಾಲಂದುಗೆ ಎಲ್ಲ ತಂದು ಸುರಿದೆ. ಪ್ರಾಸ ತಾನಾಗಿ ಬಂದು ಕೂತಿತು. ಬರೆದದ್ದನ್ನು ನಾಲ್ಕು ಸಲ ಓದಿ ನನ್ನನ್ನು ನಾನೇ ಮೆಚ್ಚಿಕೊಂಡೆ.

ಸಾವಿತ್ರಮ್ಮನಿಗೆ ಹೇಳಬೇಕು ಎಂಬಷ್ಟು ಬುದ್ಧಿ ಇತ್ತು. ಮರುದಿನ ಜಗಲಿಯ ಮೇಲೆ ಅವರು ಪತ್ರಿಕೆಗಳ ನಡುವೆ ಕೂತಿದ್ದಾಗ ಹೋಗಿ ಸುದ್ದಿ ಹೇಳಿದೆ.

‘ಅದನ್ನ ನಾನು ಹಾಡು ಅಂತ ಮಾಡಿದ್ದಲ್ಲ ಕಣೇ. ಕೈ ಕೆಲಸ ಮಾಡ್ತಾ ಬಾಯಿಗೆ ಬಂದಿದ್ದು’ ಅಂದರು. ಆದರೆ ಮುಖ ಅರಳಿತ್ತು.

‘ಮಾತು ಸ್ವಲ್ಪ ಬದಲಾಯಿಸ್ಬೇಕಂತೆ, ಸಾವಿತ್ರಮ್ಮನೋರೇ.’

‘ಎಷ್ಟು?’

‘ಸ್ವಲ್ಪ’ ಎಂದು ಹೇಳಿ, ಹೊಸದನ್ನು ಹಾಡಿ ತೋರಿಸಿದೆ. ಅವರು ಅರಿಶಿನ ಹಚ್ಚುವುದನ್ನು ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ ಇನ್ನೊಂದು ಪತ್ರಿಕೆಯ ನಾಲ್ಕು ಮೂಲೆಗೂ ಹಚ್ಚಿ ಪಕ್ಕಕ್ಕಿಟ್ಟರು.

‘ಪುಟ್ಟಿ ಎಲ್ಲೂ ಇಲ್ವಲ್ಲೇ.’

‘ದೇವರ ಹಾಡಾದ್ರೆ ಎಲ್ರೂ ಹಾಡ್ತಾರೆ ಅಂತ ಹೇಳಿದ್ರು.’

‘ಈ ಪ್ಲೇಟು ಎಲ್ಲೆಲ್ಲಿಗೆ ಹೋಗುತ್ತೆ?’

‘ಎಲ್ಲಾ ಕಡೆಗೂ. ಮದರಾಸು, ಬೊಂಬಾಯಿ. ರೇಡಿಯೋದವರು ಹಾಕಿದ್ರೆ ಗಾಳೀಲೇ ಹೋಗುತ್ತೆ, ಅದಕ್ಕೆ ಎಲ್ಲೆ ಅನ್ನೋದೇ ಇಲ್ಲ’ ಎಂದು ನನಗೆ ತಿಳಿದಷ್ಟನ್ನು, ತಿಳಿಯದಷ್ಟನ್ನೂ ಸೇರಿಸಿ ಹೇಳಿದೆ.

‘ಗಾಳೀಲಿ’ ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ‘ಹಾಗಾದ್ರೆ ಒಂದು ಮಾಡು ವಿಶಾಲು. ಬೇರೆ ಏನು ಬೇಕಾದ್ರೂ ಬದಲಾಯಿಸ್ಕೋ. ಬೈಯಲ್ಲ ಅನ್ನೋ ಸಾಲು ಮಾತ್ರ ತೆಗೀಬೇಡ. ನಾನು ಅವಳಿಗೆ ಹೇಳ್ಬೇಕಾಗಿದ್ದು ಅದೊಂದೇ. ಗಾಳೀಲಿ ಹೋದ್ರೆ ಎಲ್ಲಿದ್ರೂ ಕೇಳ್ಸುತ್ತೆ, ಅಲ್ವಾ?’

‘ಕೇಳ್ಸುತ್ತೆ. ನನ್ನಾಣೆಗೂ ತೆಗೆಯಲ್ಲ’ ಅಂದೆ.

‘ಆಣೆಗೀಣೆ ಬೇಡ. ಜ್ಞಾಪಕ ಇಟ್ಕೋ, ಸಾಕು.’

ಜ್ಞಾಪಕ ಇಟ್ಟುಕೊಂಡೆ. ಮೂರನೆಯ ನುಡಿ ಒಂದನ್ನು ಬರೆದು, ಅದರ ಕೊನೆಗೆ ‘ಇನ್ನೆಂದೂ ಬೈಯಲ್ಲ ಬಾರೋ’ ಎಂದು ಸೇರಿಸಿದೆ. ಯಶೋದೆಯ ಬಾಯಲ್ಲಿ ಆ ಮಾತು ಚೆನ್ನಾಗಿಯೇ ಒಪ್ಪುತ್ತಿತ್ತು. ಸಾವಿತ್ರಮ್ಮನಿಗೆ ಹಾಡಿ ತೋರಿಸಿದಾಗ, ‘ಈಗ ಸರಿ ಹೋಯ್ತು’ ಎಂದು ನನ್ನ ಕೆನ್ನೆ ಸವರಿದರು. ಅರಿಶಿನದ ಕಲೆ ಹೋಗಲು ಎರಡು ದಿನ ಬೇಕಾಯಿತು.

ಧ್ವನಿಮುದ್ರಣಕ್ಕೆ ಮಲ್ಲೇಶ್ವರದ ಒಂದು ಬಂಗಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದರು. ಗೋಡೆಗಳಿಗೆಲ್ಲ ಕಂಬಳಿ ತೂಗುಹಾಕಿ, ಕಿಟಕಿಗಳ ಸಂದಿಗೆ ಹತ್ತಿ ತುರುಕಿದ್ದರು. ಮುಂಗಾರು ಶುರುವಾಗಿತ್ತು. ಹೆಂಚಿನ ಮೇಲೆ ಮಳೆ ಬಿದ್ದರೆ ಅದರ ಸದ್ದು ಮೈಕಿಗೆ ಹೋಗುತ್ತದೆಂದು ಬೆಳಿಗ್ಗೆ ಹತ್ತಕ್ಕೆ ಹೋದ ಅಪ್ಪ, ನಾನು, ಇನ್ನೂ ನಾಲ್ಕಾರು ಗಾಯಕರು ಮಧ್ಯಾಹ್ನ ಮೂರರವರೆಗೆ ವರಾಂಡದಲ್ಲಿ ಕೂತು ಆಕಾಶ ನೋಡಿದೆವು. ಮಳೆ ಬಿಟ್ಟಾಗ ಒಳಗೆ ಕರೆದರು. ಹಾರ್ಮೋನಿಯಂ, ತಬಲ, ಮುಂದೆ ಒಂದು ಕೆಂಪು ಬಲ್ಬು. ಮದರಾಸಿನಿಂದ ಬಂದಿದ್ದ ಎಂಜಿನಿಯರು ಗಡಿಯಾರ ಹಿಡಿದು ಒಂದು ಸಲ ಪೂರ್ತಿ ಹಾಡಿಸಿದರು.

‘ಅರ್ಧ ನಿಮಿಷ ಜಾಸ್ತಿ ಆಗ್ತಿದೆ. ಪ್ಲೇಟಲ್ಲಿ ಅಷ್ಟು ಜಾಗ ಇಲ್ಲ. ಒಂದು ನುಡಿ ಬಿಡಿ, ಯಾವುದಾದ್ರೂ ಸರಿ. ಬೇಗ ಹೇಳಿ, ಮತ್ತೆ ಮಳೆ ಬಂದ್ಬಿಡುತ್ತೆ’ ಅಂದರು.

ಯಾವುದಾದರೂ ಸರಿ ಎಂದಿದ್ದರು. ನನ್ನ ಯಮುನೆ, ಬೆಳದಿಂಗಳುಗಳ ಎರಡನೆಯ ನುಡಿಯನ್ನು ಬಿಡಬಹುದಾಗಿತ್ತು. ಅದು ಬೇಡವೆಂದರೆ, ಮೂರನೆಯದನ್ನು ಬಿಟ್ಟು ಸಾವಿತ್ರಮ್ಮನ ಸಾಲನ್ನು ಮೊದಲಿದ್ದ ಜಾಗಕ್ಕೇ, ಮುರಳಿಯ ಬದಲಿಗೆ, ಇಡಬಹುದಾಗಿತ್ತು. ಎರಡೂ ನನಗೆ ಆ ಕ್ಷಣದಲ್ಲೇ ಹೊಳೆದವು. ಪದ ಕೂರಿಸುವುದರಲ್ಲಿ ಹೆಸರುವಾಸಿಯಲ್ಲವೇ ನಾನು. ಆದರೆ ನನ್ನ ಪ್ರಾಸಗಳು ನನಗೆ ಪ್ರಾಣವಾಗಿದ್ದವು. ‘ಕೊನೇದು ಬಿಡ್ತೀನಿ’ ಅಂದೆ. ಕೆಂಪು ಬಲ್ಬು ಹತ್ತಿತು. ಹಾಡಿದೆ. ಒಂದೇ ಸಲಕ್ಕೆ ಸರಿಬಂತು ಎಂದು ಎಂಜಿನಿಯರು ಬೆನ್ನು ತಟ್ಟಿದರು.

ಮನೆಗೆ ಬಂದಾಗ ಸಾವಿತ್ರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ‘ಚೆನ್ನಾಗಿ ಬಂತಾ?’ ಎಂದು ಕೇಳಿದರು. ‘ಬಂತು’ ಅಂದೆ. ಆಷಾಢ ಪೂರ್ತಿ, ದಿನವೂ ಅವರ ಜೊತೆ ನಲ್ಲಿಯ ಮುಂದೆ ನಿಂತೂ, ಇದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ಹೇಳಿದರಾಯಿತು, ಹೇಳಿದರಾಯಿತು ಎಂದು ದಿನ ತಳ್ಳಿದೆ. ಒಳಗೊಳಗೆ, ಅವರು ಗಮನಿಸದೆಯೂ ಇರಬಹುದು ಎಂಬ ದರಿದ್ರ ಆಸೆಯೂ ಇತ್ತು.

ಶ್ರಾವಣದಲ್ಲಿ ಪ್ಲೇಟು ಬಂತು. ವಠಾರದಲ್ಲಿ ಯಾರ ಮನೆಯಲ್ಲೂ ಗ್ರಾಮಫೋನ್ ಇರಲಿಲ್ಲ. ಎದುರು ಬೀದಿಯ ಗುರುಶಾಂತಮ್ಮನವರ ಮನೆಯಲ್ಲಿತ್ತು. ಅವರದು ಚಿಕ್ಕಪೇಟೆಯಲ್ಲಿ ತಲೆತಲಾಂತರದಿಂದ ರೇಷ್ಮೆ ಸೀರೆಯ ವ್ಯಾಪಾರ. ಕೈ ಧಾರಾಳ, ಮನಸ್ಸೂ ಧಾರಾಳ. ವಠಾರದವರನ್ನೆಲ್ಲ ಸಂಜೆಗೆ ಕರೆದು, ಹಾಲಿನಲ್ಲಿ ಜಮಖಾನ ಹಾಸಿ, ಹುರಿಗಾಳು ಹಂಚಿದರು. ಪ್ಲೇಟಿನ ನಡುವಿನ ಕಾಗದದ ಮೇಲೆ ‘ಕು. ವಿಶಾಲಾಕ್ಷಿ, ದೇವರನಾಮ’ ಎಂದಿತ್ತು. ಅಪ್ಪ ಅದನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದರು. ಸಾವಿತ್ರಮ್ಮ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದಿದ್ದರು. ರಾಮಣ್ಣನವರನ್ನೂ ಕರೆದುಕೊಂಡು ಬಂದಿದ್ದರು.

ಮುಳ್ಳು ಇಟ್ಟರು. ನನ್ನ ದನಿ ಬಂತು. ಮೊದಲನೆಯ ನುಡಿಗೆ ಸಾವಿತ್ರಮ್ಮ ತಲೆದೂಗಿದರು. ಎರಡನೆಯದರಲ್ಲಿ ಮುಂದಕ್ಕೆ ಬಾಗಿ ಕೂತರು. ಹಾಡು ಮುಗಿಯಿತು, ಪ್ಲೇಟು ಸುಮ್ಮನೆ ಸುತ್ತತೊಡಗಿತು. ಎಲ್ಲರೂ ನನ್ನ ಕಡೆ ತಿರುಗಿ ಏನೇನೋ ಹೇಳುತ್ತಿದ್ದರು. ಅವರೊಬ್ಬರು ಮಾತ್ರ ಯಂತ್ರವನ್ನೇ ನೋಡುತ್ತಿದ್ದರು.

‘ಇನ್ನೊಂದು ಕಡೆ ಇದೆಯೇನೋ’ ಅಂದರು. ‘ಪ್ಲೇಟಿಗೆ ಎರಡು ಮಗ್ಗುಲಂತಲ್ಲ. ಉಳಿದಿದ್ದು ಆ ಕಡೆ ಇರ್ಬೇಕು. ಅದನ್ನೂ ಹಾಕಿ, ಗುರುಶಾಂತಮ್ಮನೋರೇ.’

ಗುರುಶಾಂತಮ್ಮನವರು ಪ್ಲೇಟು ಮಗುಚಿ ಹಾಕಿದರು. ಆ ಕಡೆ ಇದ್ದದ್ದು ಮಲ್ಲೇಶ್ವರದಲ್ಲಿ ಅವತ್ತೇ ನಾನು ಹಾಡಿದ್ದ ಒಂದು ಮಂಗಳಾರತಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾವಿತ್ರಮ್ಮ ಅದನ್ನು ಪೂರ್ತಿ, ಕೊನೆಯ ಜಾಗಟೆಯವರೆಗೂ, ಕಾದು ಕೇಳಿದರು. ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ‘ಚೆನ್ನಾಗಿ ಹಾಡಿದೀಯಮ್ಮ’ ಎಂದು ಹೇಳಿ ಹೊರಟರು. ಅದುವರೆಗೆ ಅವರು ನನ್ನನ್ನು ‘ಅಮ್ಮ’ ಎಂದು ಸೇರಿಸಿ ಮಾತಾಡಿಸಿದ್ದಿಲ್ಲ. ಪರರಿಗೆ ಮಾತ್ರ ಹಾಗೆ ಅನ್ನುತ್ತಿದ್ದರು.

ರಾಮಣ್ಣನವರು ಬೀದಿಯಲ್ಲಿ ಒಂದು ಹೆಜ್ಜೆ ಹಿಂದೆ ಉಳಿದರು. ಮಾತು ಕಡಿಮೆಯ ಮನುಷ್ಯ. ‘ಜಾಗ ಸಾಲ್ಲಿಲ್ವಾ ಮಗಳೇ?’ ಎಂದು ಕೇಳಿದರು. ತಲೆಯಾಡಿಸಿದೆ.

‘ನಮಗೂ ಪತ್ರಿಕೇಲಿ ಜಾಗ ಸಾಲಲ್ಲ. ಆಗ ಸಾಲಿನ ಮಧ್ಯದ ಸೀಸದ ಪಟ್ಟಿ ತೆಗೀತೀವಿ, ಹೂವಿನ ಬಾರ್ಡರ್ ತೆಗೀತೀವಿ. ಹುಡುಗಿ ಹೆಸರು ತೆಗೆಯಲ್ಲ’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಏನಾದರೂ ತಿರುಗಿ ಹೇಳಿ ಹಗುರಾಗುತ್ತಿದ್ದೆ.

ಅವತ್ತೇ ಓಡಿಹೋಗಿ ಸಾವಿತ್ರಮ್ಮನ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಪ್ಲೇಟು ಓಡತೊಡಗಿತು. ಗಾಂಧಿ ಬಜಾರಿನ ಹೋಟೆಲಿನಲ್ಲಿ ಹಾಕಿದರು, ಗಣೇಶನ ಪೆಂಡಾಲಿನಲ್ಲಿ ಹಾಕಿದರು, ರೇಡಿಯೋದಲ್ಲೂ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲಲ್ಲೇ ಹಿಡಿದೆ. ಕಾಲೇಜಿನಲ್ಲಿ ಹುಡುಗಿಯರು, ಧಾಟಿಯೂ ನಿನ್ನದೇನಾ ಎಂದು ಕೇಳಿದರೆ ಹೌದು ಅನ್ನುತ್ತಿರಲಿಲ್ಲ, ಅಲ್ಲ ಎಂದೂ ಅನ್ನುತ್ತಿರಲಿಲ್ಲ, ನಗುತ್ತಿದ್ದೆ. ಸಾವಿತ್ರಮ್ಮನ ಜಗಲಿಯ ಮುಂದೆ ಹಾಯಬೇಕಾದಾಗ ಪುಸ್ತಕ ನೋಡುತ್ತ ಹಾಯುತ್ತಿದ್ದೆ. ಅವರು ಎಂದಿನಂತೆ ಕೆಲಸ ಮಾಡುತ್ತಿದ್ದರು. ಹಾಡು ಮಾತ್ರ ಕೇಳಿಸುತ್ತಿರಲಿಲ್ಲ.

ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಏಳು ಮೆಟ್ಟಿಲಿನ ಗೊಂಬೆ ಕೂರಿಸುತ್ತಿದ್ದೆವು. ಸಂಜೆ ಗೊಂಬೆ ನೋಡಲು ಬಂದ ಹೆಣ್ಣುಮಕ್ಕಳು ಒಂದು ಹಾಡು ಹೇಳದೆ ಚರ್ಪಿನ ತಿಂಡಿ ತೆಗೆದುಕೊಳ್ಳುವಂತಿಲ್ಲ. ದೊಡ್ಡವರಿಗೂ ಅದೇ ಕಟ್ಟಳೆ. ಆ ವರ್ಷ ಬಂದ ಮಕ್ಕಳೆಲ್ಲ ಹಾಡಿದ್ದು ‘ನೊರೆಹಾಲು’. ಪುಟ್ಟಿ ಹೋದ ಮೇಲೆ ಸಾವಿತ್ರಮ್ಮ ಯಾರ ಮನೆಯ ಗೊಂಬೆಗೂ ಹೋಗುತ್ತಿರಲಿಲ್ಲ. ನಾನು ಕೊಟ್ಟಿದ್ದ ಮಾತಿನ ವಿಷಯ ಅರಿಯದ ನಮ್ಮಮ್ಮ ಹೋಗಿ, ‘ನಿಮ್ಮ ವಿಶಾಲುಗೋಸ್ಕರ ಆದ್ರೂ ಬನ್ನಿ’ ಎಂದು ಕರೆದಿದ್ದರು. ಬಂದರು. ಹಾಲಿನಲ್ಲಿ ಗುರುಶಾಂತಮ್ಮನವರಿದ್ದರು, ನನ್ನ ಕಾಲೇಜಿನ ಇಬ್ಬರು ಗೆಳತಿಯರಿದ್ದರು, ನಡುವೆ ಏಳೆಂಟು ಮಕ್ಕಳು.

ಮಕ್ಕಳಲ್ಲಿ ಜಯ ಎಂಬ ಚೂಟಿ ಹುಡುಗಿ, ಹೊಸದಾಗಿ ವಠಾರಕ್ಕೆ ಬಂದವರ ಮಗಳು, ‘ದೊಡ್ಡಮ್ಮ, ನೀವೂ ಒಂದು ಹಾಡ್ಬೇಕು’ ಎಂದು ಅವರ ಕೈ ಹಿಡಿದಳು. ಸಾವಿತ್ರಮ್ಮ ಮೊದಲು ಒಲ್ಲೆ ಅಂದರು. ಆಮೇಲೆ ಆ ಮಗುವಿನ ಮುಖವನ್ನು ಒಂದಿಷ್ಟು ಹೊತ್ತು ನೋಡಿ ಹಾಡತೊಡಗಿದರು.

‘ಹರಳೆಣ್ಣೆ ಬೆಚ್ಚಗಿದೆ ಬಾರೇ...’

ಮಕ್ಕಳು ಕಿಸಕ್ಕೆಂದವು. ‘ತಪ್ಪು ದೊಡ್ಡಮ್ಮ’ ಅಂದಳು ಜಯ. ‘ಹರಳೆಣ್ಣೆ ಅಲ್ಲ, ನೊರೆಹಾಲು. ಕೃಷ್ಣ ಎಲ್ಲಾದ್ರೂ ಹರಳೆಣ್ಣೆ ಕುಡೀತಾನಾ? ಬೇಕಾದ್ರೆ ವಿಶಾಲಕ್ಕನ್ನೇ ಕೇಳಿ. ಅವರದೇ ಹಾಡು. ಅಲ್ವಾ ವಿಶಾಲಕ್ಕ?’

ಹಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಸಾವಿತ್ರಮ್ಮನೂ ತಿರುಗಿದರು. ಹಾಡು ಅವರದು ಎಂದರೆ ಸಾಕಿತ್ತು, ಎರಡೇ ಮಾತು. ಗೆಳತಿಯರು ನೋಡುತ್ತಿದ್ದರು. ಅಪ್ಪ ನಡುಮನೆಯ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನಗುತ್ತಿದ್ದರು.

‘ಹೌದು, ನೊರೆಹಾಲು’ ಅಂದೆ.

ಸಾವಿತ್ರಮ್ಮ ನನ್ನ ಮೇಲಿಂದ ಕಣ್ಣು ತೆಗೆದು ಜಯಳನ್ನು ಹತ್ತಿರಕ್ಕೆ ಕೂರಿಸಿಕೊಂಡರು. ‘ನಂಗೆ ಮರ್ತೇಹೋಗಿದೆ ಮಗು. ನೀನೇ ಹೇಳ್ಕೊಡು’ ಅಂದರು. ಮಗು ಒಂದೊಂದೇ ಸಾಲು ಹೇಳಿಕೊಟ್ಟಿತು, ಅವರು ಒಂದೊಂದೇ ಸಾಲನ್ನು ಹಿಂದೆ ಹಾಡಿದರು. ನಾಲ್ಕನೆಯ ಸಾಲು ಹತ್ತಿರ ಬಂದಾಗ ನಾನು ತಲೆ ತಗ್ಗಿಸಿದೆ. ಅಲ್ಲಾದರೂ ತಮ್ಮ ಮಾತನ್ನೇ ಹೇಳಿಬಿಡಲಿ, ಎಲ್ಲರ ಮುಂದೆ ಹೇಳಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ‘ಮುರಳಿಯ ನುಡಿಸುತ ಬಾರೋ’ ಎಂದು ಹಾಡಿದರು, ಪ್ಲೇಟಿನಲ್ಲಿ ನಾನು ಹಾಡಿದ ಹಾಗೆಯೇ, ಒಂದಕ್ಷರ ತಪ್ಪದೆ.